ನೆಗೆಣ್ಣಿ ಕೈಗೆ ಬಂದ ಸ್ಕ್ರೂ

ಹೋದ ಅಮಾವಾಸ್ಯೆ ದಿನ ಕುರುಗೋಡಿನ ಅತ್ತೆ ಮನೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನು ದೇವರ ಹತ್ರ ಬೇಡಿಕೊಂಡಿದ್ದು ಇಷ್ಟೇ: ‘ಯಪ್ಪಾ ದೊಡ್ಡ ಬಸವಣ್ಣ, ಈ ಸ್ಕ್ರೂ ಮಾತ್ರ ಬರಬಾರದು.’

ನೀವು ಸರಿಯಾಗೇ ಓದಿದ್ರಿ. ಬರಲಿ ಅಂತಲ್ಲ. ಬರಬಾರದು ಅಂತ.

ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಸ್ಕ್ರೂ ಅದು. ಅದು ಬರದಿದ್ದರೆ ಮಾವನ ಎಣ್ಣೆ ಹೊಡೆಯೋ ಮಷೀನು ಚಾಲೂ ಆಗಲ್ಲ. (ಬೆಳೆಗೆ ಔಷಧ ಸಿಂಪಡಿಸೋ ಪೆಟ್ರೋಲ್ ಪಂಪು ಕಣ್ರೀ. ನಮ್ಮ ಕಡೆ ಔಷಧಕ್ಕೂ ಎಣ್ಣೆ ಅಂತಲೇ ಅನ್ನೋದು.) ಮಷೀನು ಚಾಲೂ ಆಗದಿದ್ದರೆ ಮೆಣಸಿನ ಗಿಡದ ಎಲೆ ಇನ್ನಷ್ಟು ಮುದುಡಿಕೊಳ್ಳುತ್ತೆ. ಎಲ್ಲಾ ಗೊತ್ತಿತ್ತು ನನಗೆ. ಆದರೂ ಬೇಡಿಕೊಂಡೆ. ಯಾಕಂದ್ರೆ ಆ ಹೊತ್ತಿನಲ್ಲಿ ಅದನ್ನ ಬಿಚ್ಚೋ ಕೆಲಸ ಇದ್ದದ್ದು ನನ್ನ ಕೈಯಲ್ಲಲ್ಲ, ರೇಣುಕಾ ಕೈಯಲ್ಲಿ.

ರೇಣುಕಾ ಅಂದ್ರೆ ನನ್ನ ಮೈದುನನ ಹೆಂಡತಿ. ನನ್ನ ನೆಗೆಣ್ಣಿ. (ಬೆಂಗಳೂರು ಕಡೆಯವರು ವಾರಗಿತ್ತಿ ಅಂತೀರಲ್ಲ, ಅದೇ.) ಸಿರುಗುಪ್ಪದ ಹುಡುಗಿ. ಮದುವೆಯಾಗಿ ಇನ್ನೂ ಎರಡನೇ ದೀಪಾವಳಿ ಕಂಡಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳೋ ಚಟ ನನಗಿಲ್ಲ. ‘ಒಂಚೂರು ಬೇಜಾರು’, ‘ಒಂಥರಾ ಕಸಿವಿಸಿ’ ಅಂತೆಲ್ಲ ನಯವಾಗಿ ಹೇಳೋರು ಹೇಳಿಕೊಳ್ಳಲಿ. ನನ್ನದು ಮಿರ್ಚಿ ಕಚ್ಚಿಕೊಂಡು ನೀರು ಸಿಗದೆ ಕೂತವರ ಉರಿ.

ಅವಳ ಚಂದ ನೋಡಿ ಅಲ್ಲ. ಅವಳ ಬಂಗಾರ ನೋಡಿಯೂ ಅಲ್ಲ. ಅವಳ ಸೀರೆ ಅವಳಿಗೆ, ನನ್ನ ಸೀರೆ ನನಗೆ. ನನ್ನ ಹೊಟ್ಟೆ ಉರಿಯೋದು ಅವಳ ಕೈ ನೋಡಿ.

ನನ್ನ ಅಂಕಣ ಓದೋರಿಗೆ ಗೊತ್ತಿರಬಹುದು. ನಮ್ಮಪ್ಪನದು ಬಳ್ಳಾರಿ ಕೌಲ್ ಬಜಾರ್‌ನಲ್ಲಿ ರಿಪೇರಿ ಅಂಗಡಿ. ಸೈಕಲ್ಲು, ಸ್ಟೋವು, ಹೊಲಿಗೆ ಮಷೀನು, ಬಂದದ್ದೆಲ್ಲ ಬಿಚ್ಚೋದೇ. ಓರಗೆಯ ಹುಡುಗಿಯರು ಚುಕ್ಕಿ ಇಟ್ಟು ರಂಗೋಲಿ ಕಲಿಯೋ ವಯಸ್ಸಲ್ಲಿ ನಾನು ಸೈಕಲ್ಲಿನ ಫ್ರೀವೀಲ್ ಬಿಚ್ಚೋದು ಕಲಿತೆ. ಮದುವೆಯಾಗಿ ಹೊರಟಾಗ ಅಪ್ಪ ಬ್ರೂಸ್‌ಪೇಟೆಗೆ ಹೋಗಿ ಒಂದು ಸ್ಪ್ಯಾನರ್ ಸೆಟ್ಟು ತಂದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಕಳಿಸಿದ. ಕುರುಗೋಡಿನಲ್ಲಿ ಅತ್ತೆ ಟ್ರಂಕು ತೆಗೆದವರೇ ಬೆಚ್ಚಿಬಿದ್ದರು.

“ಇದೇನವ್ವಾ, ನಮ್ಮ ಮನಿಗೆ ಸೊಸಿ ಬಂದಾಳೋ, ಮೇಸ್ತ್ರಿ ಬಂದಾನೋ?”

ನಗಾಡಿದವರೇ ಆಮೇಲೆ ದಾರಿಗೆ ಬಂದರು. ಯಾಕೆ ಬರಲ್ಲ? ಕೆಟ್ಟ ಫ್ಯಾನು ತಿರುಗಿತು. ಮಿಕ್ಸಿ ಗರಗರ ಅಂತು. ಮಾವನ ಹಳೇ ಮೊಪೆಡ್ ಎದ್ದು ಓಡಿತು.

ಮನೆಯವರ ನೌಕರಿ ಬಳ್ಳಾರಿಯಲ್ಲಿ. ಹಾಗಾಗಿ ನಾವು ಇಲ್ಲೇ ಸಂಗನಕಲ್ಲು ರಸ್ತೆ ಕಡೆ ಮನೆ ಮಾಡಿಕೊಂಡಿದ್ದೀವಿ. ಆದರೆ ಅಮಾವಾಸ್ಯೆ ಬಂತೆಂದರೆ ಕುರುಗೋಡಿಗೆ ಹೋಗಲೇಬೇಕು. ಅಮಾಸಿ ದಿನ ನಮ್ಮಲ್ಲಿ ಯಾರೂ ಗಳೇ ಹೂಡಲ್ಲ. ಎತ್ತಿಗೂ ರಜೆ, ಟ್ರ್ಯಾಕ್ಟರಿಗೂ ರಜೆ. ಮನೆಯಲ್ಲಿರೋ ಮಷೀನುಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು, ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಅದರ ನೀರು ಚಿಮುಕಿಸೋದು ಮಾವನ ನೇಮ. ಪೂಜೆ ಮುಗಿದ ಮೇಲೆ ನನ್ನ ಪಾಳಿ. ತಿಂಗಳಿಡೀ ಕೆಟ್ಟ ಸಾಮಾನೆಲ್ಲ ಪಡಸಾಲೆಯಲ್ಲಿ ನನಗಾಗಿ ಕಾದು ಕೂತಿರುತ್ತಿದ್ದವು. ನಡುವೆ ಯಾರಾದರೂ ಕೈ ಹಾಕೋಕೆ ಹೋದರೆ ಮಾವ ಗದರುತ್ತಿದ್ದರು.

“ಲೇ, ಮುಟ್ಟಬ್ಯಾಡ ಅದನ್ನ. ಸುಜಾತಾ ಬರ್ಲಿ.”

ಸುಜಾತಾ ಬರ್ಲಿ! ಈ ಮಾತು ಕೇಳೋಕೆ ನಾನು ಬಿಸಿಲಲ್ಲಿ ಸ್ಕೂಟರ್ ಹಿಂದೆ ಕೂತು ಅಷ್ಟು ದೂರ ಹೋಗುತ್ತಿದ್ದೆ ಅಂದ್ರೆ ನಂಬ್ತೀರಾ? ಆ ಮನೆಯಲ್ಲಿ ಹೋಳಿಗೆಗೆ ಅತ್ತೆ. ಹಾಡಿಗೆ ನಾದಿನಿ. ಹರಟೆಗೆ ನನ್ನ ಗಂಡ (ಅದೊಂದಕ್ಕೇ). ನನಗೆ ಅಂತ ಇದ್ದದ್ದು ಇದೊಂದೇ ಗದ್ದುಗೆ. ಅದನ್ನ ಬೇರೆ ಯಾರೂ ಕೇಳಿರಲೂ ಇಲ್ಲ.

ಆಮೇಲೆ ರೇಣುಕಾ ಬಂದಳು.

ಅವಳಪ್ಪನದು ಸಿರುಗುಪ್ಪದಲ್ಲಿ ಪಂಪ್‌ಸೆಟ್ಟು, ಸ್ಪ್ರೇಯರ್ ರಿಪೇರಿ ಅಂಗಡಿ. ಬಿ.ಕಾಂ. ಓದುತ್ತಾ ಓದುತ್ತಾ ಅಂಗಡಿಯಲ್ಲಿ ಕೂತು ಎಂಜಿನ್ ಬಿಚ್ಚಿ ತೊಳೆದವಳು. ಗಡಿ ಆಚೆಯಿಂದ ಬರೋ ಗಿರಾಕಿಗಳ ಹತ್ರ ತೆಲುಗಿನಲ್ಲೇ ಮಾತಾಡಿ, ತೆಲುಗಿನಲ್ಲೇ ಬೈದು ಕಳಿಸಿದವಳು. ಕೆಲಸ ಮಾಡುವಾಗ ಬಾಯಲ್ಲಿ ಯಾವುದಾದರೂ ಒಂದು ತೆಲುಗು ಹಾಡು ಗುನುಗುತ್ತಿರಬೇಕು ಅವಳಿಗೆ. ನಾನು ಹಲ್ಲು ಕಚ್ಚಿಕೊಂಡು ಮಾಡೋ ಕೆಲಸವನ್ನ ಅವಳು ಹಾಡಿಕೊಂಡು ಮಾಡ್ತಾಳೆ. ಹೇಗಿರುತ್ತೆ ಹೇಳ್ರಿ ನೋಡೋರಿಗೆ?

ಮೊದಲ ಏಟು ಬಿದ್ದದ್ದು ಫೋನಿನಲ್ಲಿ.

“ಮಾವ, ಮಿಕ್ಸಿ ಕೆಟ್ಟೈತಂತಲ್ರಿ? ಅಮಾಸಿಗೆ ಬಂದು ನೋಡ್ತೀನಿ ಬಿಡ್ರಿ.”

“ಅಯ್ಯ, ಅದು ಆಗಿಹೋತವ್ವ. ನಿನ್ನೇನ ರೇಣುಕಾ ಮಾಡಿಬಿಟ್ಲು.”

ಮಾಡಿಬಿಟ್ಲು! ನಾನು ‘ಹೌದಾ, ಭಾಳ ಚಲೋ ಆತು’ ಅಂದು ಫೋನಿಟ್ಟೆ. ಇಟ್ಟು ನಮ್ಮ ಮನೆಯ ಮಿಕ್ಸಿಯನ್ನ ಸುಮ್ಮನೆ ಒಮ್ಮೆ ಬಿಚ್ಚಿ ಜೋಡಿಸಿದೆ. ಅದಕ್ಕೇನೂ ಆಗಿರಲಿಲ್ಲ.

ಆಮೇಲೆ ಹೊಲಿಗೆ ಮಷೀನು. ಆಮೇಲೆ ಬೋರ್‌ವೆಲ್ ಸ್ಟಾರ್ಟರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಅಷ್ಟೇ ಇರಬೇಕು, ಆರು ತಿಂಗಳು ಹೋದರೆ ತಣ್ಣಗಾಗ್ತಾಳೆ ಅಂದುಕೊಂಡೆ. ಎಲ್ಲಿ ತಣ್ಣಗಾಗೋದು? ಒಂದು ಅಮಾವಾಸ್ಯೆಗೆ ಹೋದರೆ ಪಡಸಾಲೆ ಖಾಲಿ. ಚೊಕ್ಕ ಗುಡಿಸಿ ಒರೆಸಿಟ್ಟಿದ್ದಾರೆ. ಅತ್ತೆ ಪ್ರೀತಿಯಿಂದ ತಾಟು ಹಾಕಿ ಕರೆದರು, “ಬಾರವ್ವ, ಆರಾಮ ಕುಂತು ಉಣ್ಣು, ಇವತ್ತ ನಿನಗ ಕೆಲಸಿಲ್ಲ.”

ಹೋಳಿಗೆ ತಿನ್ನೋಕೆ ಹೋಗ್ತೀನೇನ್ರೀ ನಾನು ಅಲ್ಲಿಗೆ?

ಮನೆಯವರ ಹತ್ರ ಹೇಳಿಕೊಂಡೆ. “ಚಲೋನೇ ಆತಲ್ಲ, ನಿನಗೂ ರೆಸ್ಟು” ಅಂದ್ರು. ಗಂಡಸರಿಗೆ ಕೆಲವು ವಿಷಯ ತಿಳಿಸಿ ಹೇಳೋ ಬದಲು ಬಟ್ಟೆ ಒಗೆಯೋದು ಮೇಲು. ಒಗೆದೆ, ಜೋರಾಗೇ ಒಗೆದೆ.

ಒಂದು ಮಾತು ಕೇಳ್ತೀನಿ. ದೊಡ್ಡ ಸಾಹುಕಾರನ ಬಂಗಲೆ ನೋಡಿ ನಿಮ್ಮ ಹೊಟ್ಟೆ ನಿಜವಾಗ್ಲೂ ಉರಿಯುತ್ತಾ? ಟಿವಿಯಲ್ಲಿ ಹಾಡೋರನ್ನ ನೋಡಿ? ಇಲ್ಲ. ಅವರ ಬಗ್ಗೆ ಆಡಿಕೊಳ್ಳೋದಷ್ಟೇ. ನಿದ್ದೆಗೆಡಿಸೋರು ನಮ್ಮ ಹಾಗೇ ಇರೋರು. ಹೋಳಿಗೆ ಮಾಡೋಳಿಗೆ ಇನ್ನೊಬ್ಬ ಹೋಳಿಗೆ ಮಾಡೋಳ ಮೇಲೆ, ಭಜನೆ ಹಾಡೋನಿಗೆ ಪಕ್ಕದಲ್ಲೇ ಕೂತು ಹಾಡೋನ ಮೇಲೆ. ಅದೂ ಒಂದೇ ಮನೆಯೊಳಗೆ, ಒಂದೇ ಬಚ್ಚಲಲ್ಲಿ ಕೈ ತೊಳೆಯೋರಾದರೆ ಮುಗಿದೇ ಹೋಯ್ತು. ದೂರದ ಬೆಂಕಿ ಕಣ್ಣಿಗೆ ಚಂದ, ಪಕ್ಕದ್ದು ಸೀರೆ ಸುಡುತ್ತೆ.

ಸರಿ, ಹೋದ ಅಮಾವಾಸ್ಯೆಗೆ ಬರ್ತೀನಿ.

ಬೆಳಿಗ್ಗೆ ಕುರುಗೋಡಿಗೆ ಹೋಗಿ ಇಳಿದೆವು. ರೇಣುಕಾ ಕಾಣಲಿಲ್ಲ.

“ಸಿರುಗುಪ್ಪಕ್ಕ ಹೋಗ್ಯಾಳ. ತವರ ಮನ್ಯಾಗ ನಾಮಕರಣ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಗಂಡ ಹೆಂಡ್ತಿ ಇಬ್ಬರೂ ಬೈಕಿನ ಮ್ಯಾಲೆ ಬರ್ತಾರ” ಅಂದರು ಅತ್ತೆ.

ಅಂಗಳದಲ್ಲಿ ಎಣ್ಣೆ ಹೊಡೆಯೋ ಮಷೀನು ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತಿತ್ತು. ಮಾವ ಅದರ ಹಗ್ಗ ಎಳೆದು ಎಳೆದು ಬೆವರಿದ್ದರು.

“ಹತ್ತವಲ್ದು ನೋಡು. ನಾಳೆ ಮುಂಜಾನಿ ಆಳು ಬರ್ತಾರ. ಮೆಣಸಿನಗಿಡ ಎಲ್ಲಾ ಮುದುಡಿ ಕುಂತಾವು, ಎಣ್ಣಿ ಹೊಡಿಲೇಬೇಕು. ಇರ್ಲಿ, ರೇಣುಕಾ ಬರ್ಲಿ.”

ಕೇಳಿದ್ರಾ? ನಾನು ಎದುರಿಗೇ ನಿಂತಿದ್ದೀನಿ. ಕೈಯಲ್ಲಿ ಟೂಲ್ ಬ್ಯಾಗು ಬೇರೆ ಇದೆ.

“ಮಾವ, ನಾ ಅದೀನಲ್ರಿ!”

“ಹೌದಲ್ಲ!” ಅಂದರು ಮಾವ, ನನ್ನನ್ನ ಆಗಷ್ಟೇ ಕಂಡವರ ಹಾಗೆ. “ನೋಡವ್ವ ಹಂಗಾರ.”

ಆ ‘ಹಂಗಾರ’ ನನಗೆ ಚುರ್ ಅಂತು. ಆದರೂ ಸೆರಗು ಸಿಕ್ಕಿಸಿ ಕೂತೆ. ರೇಣುಕಾ ಬರೋದರೊಳಗೆ ಈ ಮಷೀನು ಭರ್ ಅನ್ನಬೇಕು. ಅವಳು ಬೈಕಿನಿಂದ ಇಳಿಯುವಾಗ ನಾನು ಕೈ ತೊಳೆದು, ಏನೂ ಆಗದವಳ ಹಾಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರಬೇಕು. ಅವತ್ತು ನನಗೆ ಬೇರೇನೂ ಬೇಕಿರಲಿಲ್ಲ.

ರೋಗ ಏನಂತ ನೋಡಿದ ಕೂಡಲೇ ಗೊತ್ತಾಯ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಿ ಹಾಗೇ ಮೂಲೆಗಿಟ್ಟಿದ್ದಾರೆ. ಅದು ಒಣಗಿ ಕಾರ್ಬೋರೇಟರ್ ಒಳಗೆ ಜಿಗುಟು ಕಟ್ಟಿದೆ. (ಕಾರ್ಬೋರೇಟರ್ ಅಂದ್ರೆ ಎಂಜಿನ್ನಿಗೆ ಪೆಟ್ರೋಲನ್ನ ಅಳತೆ ಮಾಡಿ ಕುಡಿಸೋ ಪುಟ್ಟ ಭಾಗ.) ಅದರ ತಳದ ಬಟ್ಟಲು ಬಿಚ್ಚಿ, ಜೆಟ್ ಅನ್ನೋ ಸಣ್ಣ ತೂತನ್ನ ಊದಿದರೆ ಕೆಲಸ ಮುಗೀತು. ಬಟ್ಟಲಿಗೆ ಇರೋದು ಎರಡೇ ಸ್ಕ್ರೂ.

ಒಂದು ಸ್ಕ್ರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಇನ್ನೊಂದರ ತಲೆ ನೋಡಿದರೆ ಪ್ಲಸ್ ಗೀರೇ ಕಾಣಿಸ್ತಿಲ್ಲ! ಮಾವನ ಎಷ್ಟೋ ಅಮಾವಾಸ್ಯೆಗಳ ಭಕ್ತಿ ಅದರಲ್ಲಿ ತುಂಬಿಕೊಂಡಿತ್ತು. ಕುಂಕುಮದ ಮೇಲೆ ವಿಭೂತಿ, ವಿಭೂತಿ ಮೇಲೆ ಕಾಯಿ ನೀರು, ಮತ್ತೆ ಕುಂಕುಮ. ಒಣಗಿ ಸಿಮೆಂಟಿನಷ್ಟು ಗಟ್ಟಿ. ಕಾಯಿ ನೀರು ಸುತ್ತಲೂ ಇಳಿದು ತುಕ್ಕು ಬೇರೆ ಹಿಡಿಸಿತ್ತು.

ಇಂಥ ಕಡೆ ಮೊದಲು ಗೀರು ಕೆರೆದು ಚೊಕ್ಕ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಡ್ರೈವರ್ ಒಳಗೆ ಕೂರಲ್ಲ, ತಲೆ ಸವೆದುಹೋಗುತ್ತೆ. “ಇಸ್ಕ್ರೂ ಮುಖ ತೊಳೆದು ಆಮ್ಯಾಲೆ ಮಾತಾಡ್ಸು” ಅಂತ ನಮ್ಮಪ್ಪ ಹೇಳೋದು. ಎಲ್ಲ ಗೊತ್ತಿತ್ತು. ಆದರೆ ಕಿವಿ ಬಾಗಿಲ ಕಡೆ ಇತ್ತು. ರಸ್ತೆಯಲ್ಲಿ ಯಾವ ಬೈಕ್ ಸದ್ದು ಕೇಳಿದರೂ ‘ಬಂದ್ಲು’ ಅನ್ನಿಸ್ತಿತ್ತು. ಕುಂಕುಮದ ಮೇಲೇ ಡ್ರೈವರ್ ಇಟ್ಟು, ಮೈಭಾರ ಹಾಕಿ ತಿರುವಿದೆ.

ಕರ್ರಕ್.

ಸ್ಕ್ರೂ ಬಿಚ್ಚೋ ಅಭ್ಯಾಸ ಇರೋರಿಗೆ ಈ ಸದ್ದು ಬೇರೆ ಹೇಳಬೇಕಿಲ್ಲ. ಡ್ರೈವರ್ ತಿರುಗಿತು. ಸ್ಕ್ರೂ ಇದ್ದಲ್ಲೇ ಇತ್ತು. ಗೀರು ಹೋಯ್ತು.

ಆಮೇಲೆ ಮಾಡಿದ್ದೆಲ್ಲ ಅಡ್ಡಾದಿಡ್ಡಿ. ಸೈಕಲ್ ಟ್ಯೂಬಿನ ತುಂಡು ನಡುವೆ ಇಟ್ಟು ಒತ್ತಿ ನೋಡಿದೆ. ಜಾರಿತು. ಯಾವುದೋ ವಿಡಿಯೋದಲ್ಲಿ ನೋಡಿದ್ದು ನೆನಪಾಗಿ ಅಂಟು ಹಾಕಿ ಡ್ರೈವರನ್ನೇ ಸ್ಕ್ರೂಗೆ ಅಂಟಿಸಿದೆ. ಡ್ರೈವರ್ ಬಿಟ್ಟು ಬಂತು, ಅಂಟು ಅಲ್ಲೇ ಉಳೀತು. ಕಟಿಂಗ್ ಪ್ಲೇಯರ್ ತಗೊಂಡು ತಲೆ ಹಿಡಿದು ತಿರುವಿದೆ. ತಲೆ ಚೀಪಿದ ಪೆಪ್ಪರಮೆಂಟಿನ ಹಾಗೆ ದುಂಡಗಾಯ್ತು. ಸ್ಕ್ರೂ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಅಡುಗೆ ಮನೆಯಿಂದ ಅತ್ತೆ ಕೂಗಿದರು. “ಬಿಸಿಲಾಗ ಯಾಕ ಒದ್ದಾಡ್ತಿ ಯವ್ವಾ? ಬಿಡದನ್ನ, ರೇಣುಕಾ ಬಂದು ನೋಡ್ತಾಳ.”

ಉರಿಯೋ ಬೆಂಕಿಗೆ ತುಪ್ಪ. ಅತ್ತೆಯ ಮನಸ್ಸಿನಲ್ಲಿ ಏನೂ ಇರಲಿಲ್ಲ ಬಿಡಿ, ಆದರೂ ತುಪ್ಪ ತುಪ್ಪವೇ.

ಅಷ್ಟರಲ್ಲಿ ನಿಜವಾಗ್ಲೂ ಬೈಕ್ ಬಂತು. ನಾನು ಏನು ಮಾಡಿದೆ ಗೊತ್ತಾ? ಹಗ್ಗದ ಮೇಲಿದ್ದ ಮಾವನ ಟವೆಲ್ ಎಳೆದು ಮಷೀನಿನ ಮೇಲೆ ಹೊದಿಸಿದೆ, ತೊಟ್ಟಿಲ ಕೂಸಿಗೆ ಹೊದಿಸಿದ ಹಾಗೆ.

“ಅಕ್ಕಾ, ಯಾವಾಗ ಬಂದ್ರಿ?” ಅಂದಳು ರೇಣುಕಾ, ನಗುನಗುತ್ತಾ.

“ಈಗ ಬಂದೆ” ಅಂದೆ. ಮೊಣಕೈವರೆಗೆ ಗ್ರೀಸು.

ಅವಳು ನನ್ನ ಕೈ ನೋಡಿದಳು, ಟವೆಲ್ ನೋಡಿದಳು. ಚಪ್ಪಲಿ ಬಿಡೋಕೆ ಪಡಸಾಲೆ ಕಡೆ ತಿರುಗಿದಳು. ಆದರೆ ಮಾವ ಬಂದುಬಿಟ್ಟರು. “ಎಲ್ಲಿಗೆ ಬಂತವ್ವ?” ಅಂತ ಟವೆಲ್ ಎತ್ತಿದರು. ಬಗ್ಗಿ ಸ್ಕ್ರೂ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೆಲ್ಲಗೆ, ನನ್ನ ಕಡೆ ನೋಡದೆ ಹೇಳಿದರು.

“ರೇಣುಕಾ, ನೀ ಒಂಚೂರು ನೋಡವ್ವ.”

ಮುಗೀತು. ಆ ಮನೆಯಲ್ಲಿ ನನಗಿದ್ದ ಗದ್ದುಗೆ ನನ್ನ ಕಣ್ಣೆದುರಿಗೇ ಇನ್ನೊಬ್ಬಳ ಪಾಲಾಯ್ತು. ಮೈದುನ ಬಂದು ನಿಂತ. ಮನೆಯವರು ಬಂದು ನಿಂತರು. ಅತ್ತೆ ಸೌಟು ಹಿಡಿದುಕೊಂಡೇ ಬಂದರು. ಇಷ್ಟು ಜನ ನಾನು ಕೆಲಸ ಮಾಡುವಾಗ ಯಾವತ್ತಾದರೂ ಬಂದು ನಿಂತಿದ್ದರಾ?

ರೇಣುಕಾ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಕೂತು ಕುಂಕುಮ ಕೆರೆದಳು, ನನ್ನ ಅಂಟನ್ನೂ ಕೆರೆದಳು. ಪೆಟ್ರೋಲ್ ಪೂರ್ತಿ ಬಸಿದು ದೂರ ಇಟ್ಟಳು.

“ಅತ್ತೀ, ಹಂಡೇದಾಗ ಕುದಿಯೋ ನೀರು ಐತೇನ್ರಿ? ಒಂದು ಚೆಂಬು ಕೊಡ್ರಿ.”

ಬಿಸಿ ನೀರನ್ನ ಕಾರ್ಬೋರೇಟರ್ ಮೈಮೇಲೆ ಸಣ್ಣಗೆ ಸುರಿದಳು. “ಮೈ ಅಲ್ಯೂಮಿನಿಯಮ್ಮು, ಇಸ್ಕ್ರೂ ಕಬ್ಬಿಣ. ಬಿಸಿ ಆದ್ರ ಮೈ ಜಾಸ್ತಿ ಉಬ್ಬತೈತ್ರಿ. ಇಸ್ಕ್ರೂ ಹಿಡ್ತ ಬಿಡತೈತಿ” ಅಂತ ಗಂಡನಿಗೆ ಹೇಳಿದಳು.

ಇದು ನನಗೆ ಗೊತ್ತಿರಲಿಲ್ಲ ಅಂತ ಮಾತ್ರ ತಿಳಿಬೇಡಿ. ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯಲ್ಲೇ ಅಷ್ಟು ಕುದೀತಿರುವಾಗ ಹಂಡೆ ನೀರು ಎಲ್ಲಿ ನೆನಪಾಗಬೇಕು?

ಆಮೇಲೆ ಕಬ್ಬಿಣ ಕೊಯ್ಯೋ ಹ್ಯಾಕ್ಸಾ ಬ್ಲೇಡಿನ ತುಂಡು ತಗೊಂಡು ಸವೆದ ತಲೆಯ ಮೇಲೆ ಅಡ್ಡಡ್ಡ ಒಂದು ಹೊಸ ಗೀರು ಕೊರೆಯೋಕೆ ಶುರು ಮಾಡಿದಳು. ಹಾಡು ಶುರುವಾಯ್ತು, ಅದೇ ತೆಲುಗು ಹಾಡು.

“ಅಕ್ಕಾ, ನೀವು ಇಲ್ಲಿ ಗಟ್ಟಿ ಹಿಡಕೋರಿ.”

ನಾನು ಹಿಡಿಯೋಳು! ಅವಳು ಮಾಡೋಳು, ನಾನು ಹಿಡಿಯೋಳು. ಹಿಡಿದೆ. ದೊಡ್ಡ ಬಸವಣ್ಣನಿಗೆ ಬೇಡಿಕೊಂಡದ್ದು ಆಗಲೇ. ಸಡಿಲ ಹಿಡಿದೆನಾ ಅಂತ ಕೇಳ್ತೀರಾ? ಒಂಚೂರು. ನಿಮ್ಮ ಹತ್ರ ಮುಚ್ಚಿಡೋದೇನಿದೆ.

ಬ್ಲೇಡು ನಿಂತಿತು. “ಅಕ್ಕಾ, ಅಳ್ಳಾಡಾಕತ್ತೈತ್ರಿ” ಅಂದಳು, ನನಗಷ್ಟೇ ಕೇಳೋ ಹಾಗೆ.

ಗಟ್ಟಿ ಹಿಡಿದೆ. ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ಹೊಸ ಗೀರಿಗೆ ಚಪ್ಪಟೆ ಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಳು. ಬಿಚ್ಚೋ ಕಡೆಗಲ್ಲ, ಮೊದಲು ಬಿಗಿಯೋ ಕಡೆಗೆ ಒಂದೆಳೆ ತಿರುವಿದಳು. ಆಮೇಲೆ ಬಿಚ್ಚೋ ಕಡೆಗೆ.

ಟಕ್ ಅಂತು. ಬಂತು. ಅಲ್ಲಾಡೋ ಹಾಲುಹಲ್ಲು ಕಿತ್ತಷ್ಟು ಸಲೀಸಾಗಿ ಅವಳ ಅಂಗೈಗೆ ಬಂತು.

ದೊಡ್ಡ ಬಸವಣ್ಣ ನನ್ನ ಮಾತು ಕೇಳಲಿಲ್ಲ. ಯಾಕೆ ಕೇಳ್ತಾನೆ, ಅವನಿಗೂ ಮೆಣಸಿನಗಿಡದ ಚಿಂತೆ ಇರುತ್ತಲ್ಲ.

“ಶಭಾಷ್ ನನ್ನ ಮಗಳೇ!” ಅಂದರು ಮಾವ. ಮೈದುನ ಮೀಸೆ ತಿರುವಿಕೊಂಡ, ತಾನೇ ಬಿಚ್ಚಿದವನ ಹಾಗೆ. ನಾನು ಎದ್ದು ಕೈ ಒರೆಸಿಕೊಂಡೆ. ಬಚ್ಚಲಿಗೆ ಹೋಗಿ ಮುಖ ತೊಳೆಯೋ ನೆಪದಲ್ಲಿ ಒಂದಿಷ್ಟು ಹೊತ್ತು ನಿಲ್ಲೋಣ ಅಂತ ಹೊರಟೆ. ಕಣ್ಣಲ್ಲಿ ನೀರು ಬಂದಿತ್ತು. ಒಂದು ಸ್ಕ್ರೂಗೆ ಅಳೋರು ಇದಾರಾ ಅನ್ನಬೇಡಿ, ಇದ್ದೀನಿ.

ಆಗ ರೇಣುಕಾ ಅಂದಳು:

“ಅಯ್ಯ ಮಾವ, ನಂದೇನೈತ್ರಿ ಅದರಾಗ? ಅಕ್ಕಾರು ಆಗ್ಲೇ ಸಡ್ಲ ಮಾಡಿಟ್ಟಿದ್ರು. ನಾ ಬರೇ ತಿರುವಿದೆ ಅಷ್ಟ.”

ಹೆಜ್ಜೆ ನಿಂತುಹೋಯ್ತು.

ಶುದ್ಧ ಸುಳ್ಳು! ಆ ಸ್ಕ್ರೂ ನನ್ನ ಕೈಯಲ್ಲಿ ಮಿಸುಕಾಡಿರಲೂ ಇಲ್ಲ. ಅದು ಆ ಅಂಗಳದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಅವಳಿಗೆ ಮತ್ತು ನನಗೆ.

“ಅಂತೀನಿ!” ಅಂದರು ಮಾವ, ಮುಖ ಅರಳಿಸಿಕೊಂಡು. “ಹಳೇ ಕೈ ಅಂದ್ರ ಹಳೇ ಕೈ. ನನಗ ಅನುಮಾನಿತ್ತು, ಸುಜಾತಾ ಮುಟ್ಟಿದ್ದು ಹೆಂಗ ಬರದಂಗಾತು ಅಂತ.”

“ಮುಂಜಾನಿಂದ ಗುದ್ದಾಡ್ಯಾಳ ಪಾಪ” ಅಂದರು ಅತ್ತೆ.

ಎಲ್ಲರೂ ನನ್ನ ಕಡೆ ತಿರುಗಿದರು. ರೇಣುಕಾ ಮಾತ್ರ ತಲೆ ಎತ್ತಲಿಲ್ಲ, ಸ್ಕ್ರೂವಿನ ತುಕ್ಕು ಒರೆಸುತ್ತಿದ್ದಳು. ‘ಇಲ್ಲ, ಅವಳೇ ಬಿಚ್ಚಿದ್ದು’ ಅನ್ನಬೇಕಿತ್ತು ನಾನು. ಬಾಯಿ ಏನಂತು ಗೊತ್ತಾ?

“ಹೂಂ, ಒಂದೀಟು ಅಳ್ಳಾಡಿತ್ತು.”

ಅವಳು ಬಟ್ಟಲು ಬಿಚ್ಚಿ ಮಷೀನನ್ನ ನನ್ನ ಕಡೆ ತಿರುಗಿಸಿದಳು. “ಜೆಟ್ಟು ನೀವೇ ಊದ್ರಿ ಅಕ್ಕಾ, ನನಗ ದಮ್ಮು ಸಾಲಂಗಿಲ್ಲ” ಅಂದಳು. ಊದಿದೆ. ಜೋಡಿಸಿದೆ. ಮಾವ ಹಗ್ಗ ಎಳೆದರು. ಮಷೀನು ಭರ್ ಅಂತು. ಊಟಕ್ಕೆ ಕೂತಾಗ ನನ್ನ ತಾಟಿ‌ಗೆ ಹೋಳಿಗೆ ಮೇಲೆ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ. ಬಡಿಸಿದವಳು ಅವಳೇ. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅಂತ ಹಿರಿಯರು ಹೇಳಿದ್ದಾರೆ. ಹಂಗಿನ ಹೋಳಿಗೆ ಗಂಟಲಲ್ಲಿ ಇಳಿಯೋದೂ ಅಷ್ಟೇ ಕಷ್ಟ. ಆದರೂ ತಿಂದೆ.

ವಾಪಸ್ ಬರುವಾಗ ಮನೆಯವರು ಸ್ಕೂಟರ್ ಮೇಲಿಂದ ತಿರುಗಿ ಹೇಳಿದರು, “ಏನ ಅನ್ನು, ನಿನ್ನ ಕೈ ನಿನ್ನ ಕೈನ. ರೇಣುಕಾ ಕಲೀಬೇಕು ಇನ್ನಾ.”

“ಮುಂದ ನೋಡಿ ಗಾಡಿ ಹೊಡೀರಿ” ಅಂದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನ ಬರೀತಾನೇ ಇರಲಿಲ್ಲ. ಈ ವಾರ ಮಾವನ ಫೋನು ಬಂತು. ಮೊಪೆಡ್ ಕೆಟ್ಟಿದೆಯಂತೆ. ಪಡಸಾಲೆಯಲ್ಲಿ ತಂದಿಟ್ಟಿದ್ದಾರಂತೆ.

“ರೇಣುಕಾಗ ತೋರ್ಸಬೇಕಿತ್ತಲ್ರಿ ಮಾವ?” ಅಂದೆ, ಬೇಕಂತಲೇ.

“ತೋರಿಸಿದ್ನೆವ್ವ. ನನ್ನ ಕೈಲಿ ಆಗಂಗಿಲ್ರಿ, ಅದು ಅಕ್ಕಾರಿಗೇ ಬರೋದು, ಅಮಾಸಿಗೆ ಅವರೇ ಬರ್ಲಿ ಅಂದ್ಲು.”

ಆಗಲ್ವಂತೆ! ಕುದಿಯೋ ನೀರು ಸುರಿದು, ಪಿನ್ನು ಬ್ಲೇಡು ಹಿಡಿದು ಅಂಥ ಸ್ಕ್ರೂ ತೆಗೆದವಳಿಗೆ ಒಂದು ಹಳೇ ಮೊಪೆಡ್ ಆಗಲ್ವಂತೆ. ನನಗಾಗಿ ಬಿಟ್ಟಿದ್ದಾಳೆ. ಕೇಳದೆಯೇ ಕೊಟ್ಟಿದ್ದಾಳೆ. ನಾನು ಅವಳ ಜಾಗದಲ್ಲಿದ್ದಿದ್ದರೆ ಬಿಡ್ತಿದ್ದೆನಾ? ಮೊಪೆಡ್ ಬಿಚ್ಚಿ, ತೊಳೆದು, ಓಡಿಸಿ, ಬಳ್ಳಾರಿವರೆಗೂ ಬಂದು ಅವಳಿಗೆ ತೋರಿಸಿ ಹೋಗ್ತಿದ್ದೆ.

ದೇವರು ಅವಳಿಗೆ ಕೈಚಳಕ ಕೊಟ್ಟ, ಹೆಂಗೋ ಹಲ್ಲು ಕಚ್ಚಿ ಸಹಿಸಿಕೊಂಡೆ. ಒಳ್ಳೆತನಾನೂ ಅವಳಿಗೇ ಕೊಡಬೇಕಿತ್ತೇನ್ರೀ?